ಹೋಗಿ ಬರುವ ಹಡಗಿನಲ್ಲಿ ದಿಬ್ಬಣ

ನನ್ನ ಹೆಂಡತಿಯ ಕಡೆಯವರು ಒಟ್ಟಾಗಿ ಎಲ್ಲಿಗೆ ಹೊರಟರೂ ಏನಾದರೊಂದು ಆಗಿಯೇ ತೀರುತ್ತದೆ. ಏನೂ ಆಗದ ಪ್ರಯಾಣ ಒಂದಾದರೂ ಇದೆಯಾ ಎಂದು ಮೊನ್ನೆ ಅವಳನ್ನೇ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಇದೆಯಲ್ಲ, ಆ ಸಿಡ್ನಿ ಟ್ರಿಪ್ಪು. ಕ್ಯಾನ್ಸಲ್ ಆಯ್ತಲ್ಲ, ಅದು" ಅಂದಳು.

ಈಗ ಹೇಳಹೊರಟಿರುವುದು ಕ್ಯಾನ್ಸಲ್ ಆಗದೇ ಹೋದ ಪ್ರಯಾಣದ ವಿಷಯ. ಹದಿನಾರನೇ ಇಸವಿಯ ಜೂನ್ ತಿಂಗಳಲ್ಲಿ ನಾವು ಐದು ಜನ ಜರ್ಮನಿಯಿಂದ ನಾರ್ವೆಗೆ ರಾತ್ರಿ ಹಡಗಿನಲ್ಲಿ ಮದುವೆ ದಿಬ್ಬಣ ಹೋದೆವು.

೧. ಹಡಗಿನವರು

ನಮ್ಮ ಮನೆ ಇರುವುದು ಪರ್ತ್‌ನ ಸದರ್ನ್ ರಿವರ್‌ನಲ್ಲಿ. ನನ್ನ ಕೆಲಸ ಫ್ರೀಮ್ಯಾಂಟಲ್ ಬಂದರಿನ ಹತ್ತಿರದ ಒಂದು ಆಫೀಸಿನಲ್ಲಿ. ಯಾವ ಕಂಟೇನರ್ ಮೇಲೆ ಯಾವ ಕಂಟೇನರ್ ಕೂರಬೇಕು ಎಂದು ಕಂಪ್ಯೂಟರಿಗೆ ಹೇಳಿಕೊಡುವುದು. ಕಾಫಿ ಕುಡಿಯುವಾಗ ಕಿಟಕಿಯಲ್ಲಿ ಹಡಗು ಕಾಣುತ್ತದೆ. ಹಡಗಿಗೂ ನನಗೂ ಇರುವ ಸಂಬಂಧ ಅಷ್ಟೇ.

ಆದರೆ ನೆಂಟರಿಷ್ಟರಲ್ಲಿ ನಾನು 'ಶಿಪ್ಪಲ್ಲಿರೋರು'. ಒಂದು ಯುಗಾದಿ ಊಟದಲ್ಲಿ ಪಕ್ಕದ ಆಂಟಿಯೊಬ್ಬರು ಒಬ್ಬಟ್ಟು ಬಡಿಸುತ್ತಾ, "ಪಾಪ, ಆರಾರು ತಿಂಗಳು ಸಮುದ್ರದ ಮೇಲೇ ಇರ್ತೀರಂತೆ, ಇನ್ನೊಂದು ಹಾಕ್ಕೊಳ್ಳಿ" ಅಂದರು. "ಇಲ್ಲ ಆಂಟಿ, ನಾನು ದಿನಾ ಐದೂವರೆ ಟ್ರೈನಿಗೆ ಮನೆಗೆ ಬರ್ತೀನಿ" ಅಂದೆ. ಅವರ ಮುಖ ಸಪ್ಪಗಾಯಿತು. ನೇರ ನನ್ನ ಹೆಂಡತಿಯ ಹತ್ತಿರ ಹೋಗಿ ಮೆಲ್ಲಗೆ ಕೇಳಿದರು: "ಯಾವಾಗಿನಿಂದ ಕೆಲಸ ಇಲ್ಲ?"

ಈ ಹೆಸರೇ ನನಗೆ ಮುಳುವಾಯಿತು. ನನ್ನ ಹೆಂಡತಿಯ ಅಣ್ಣ ಬ್ರಿಸ್ಬೇನಿನಲ್ಲಿ ಸಿವಿಲ್ ಇಂಜಿನಿಯರ್. ನಾನು ಅವರನ್ನು ಭಾವ ಎನ್ನುತ್ತೇನೆ. ಮದುವೆಯಾದ ಇಪ್ಪತ್ತು ವರ್ಷದಲ್ಲಿ ನಾನು ಮಾಡಿದ ಒಂದೇ ಒಂದು ಕೆಲಸವೂ ಅವರಿಗೆ ಸರಿ ಕಂಡಿಲ್ಲ. ಅವರ ಮಗ ಓಸ್ಲೋದಲ್ಲಿ ಕೆಲಸಕ್ಕಿದ್ದ, ಅಲ್ಲಿಯದೇ ಹುಡುಗಿಯನ್ನು ಮೆಚ್ಚಿದ್ದ. ಹುಡುಗಿಯ ಅಜ್ಜಿಗೆ ದೂರ ಪ್ರಯಾಣ ಆಗುವುದಿಲ್ಲವಾದ್ದರಿಂದ ಮದುವೆ ಓಸ್ಲೋದಲ್ಲೇ, ನಮ್ಮ ಶಾಸ್ತ್ರದಂತೆ ಧಾರೆ ಎರೆದು. ಭಾವನಿಗೆ ಹಿಂದೊಮ್ಮೆ ವಿಮಾನದಲ್ಲಿ ಎರಡು ಪೆಟ್ಟಿಗೆ ಕಳೆದು, ಅವು ಹದಿನೈದು ದಿನ ಎಲ್ಲೆಲ್ಲೋ ಸುತ್ತಾಡಿ ಬಂದಿದ್ದವು. ಈಗ ಧಾರೆ ಸೀರೆ, ಮಾಂಗಲ್ಯ ಎಲ್ಲಾ ಪೆಟ್ಟಿಗೆಯಲ್ಲೇ ಹೋಗಬೇಕು. ಅದಕ್ಕೆ ಅವರು ಮಾಡಿದ ಪ್ಲಾನು: ಒಂದು ವಾರ ಮೊದಲೇ ಹ್ಯಾಂಬರ್ಗಿಗೆ ವಿಮಾನ, ಪೆಟ್ಟಿಗೆ ಕಳೆದರೂ ಹುಡುಕಲು ಸಮಯ ಇರುತ್ತದೆ. ಅಲ್ಲಿಂದ ಕೀಲ್ ಎಂಬ ಊರಿಗೆ ಟ್ರೈನು. ಕೀಲ್‌ನಿಂದ ಓಸ್ಲೋಗೆ ರಾತ್ರಿ ಹಡಗು.

"ಹಡಗಲ್ಲಾದ್ರೆ ನಾನು ನನ್ನ ಪೆಟ್ಟಿಗೆ ಒಂದೇ ರೂಮಲ್ಲಿರ್ತೀವಿ. ಹೇಗೂ ನೀವು ಶಿಪ್ಪಲ್ಲಿದ್ದೀರಲ್ಲ, ಬುಕ್ ಮಾಡಿಬಿಡಿ" ಎಂದು ಫೋನಿನಲ್ಲಿ ಹೇಳಿದರು.

"ಭಾವ, ನಾನು ಇವತ್ತಿನವರೆಗೂ ಹಡಗು ಹತ್ತಿಲ್ಲ" ಅಂದೆ.

"ಗೊತ್ತಿತ್ತು" ಅಂದು ಫೋನ್ ಇಟ್ಟರು.

೨. ಫೆರಿ ಅಂದರೆ

ಹಡಗಿನ ವಿವರವನ್ನು ಫ್ಯಾಮಿಲಿ ಗ್ರೂಪಿಗೆ ಹಾಕುವಾಗ ನಾನು ಮಾಡಿದ ಮೊದಲ ತಪ್ಪೆಂದರೆ 'ಓವರ್‌ನೈಟ್ ಫೆರಿ' ಎಂದು ಬರೆದದ್ದು.

ಬ್ರಿಸ್ಬೇನಿನಲ್ಲಿ ಫೆರಿ ಅಂದರೆ ನದಿಯ ಮೇಲೆ ಆಫೀಸಿಗೆ ಹೋಗುವ ದೋಣಿ. ಭಾವ ದಿನಾ ಅದರಲ್ಲೇ ಓಡಾಡುತ್ತಾರೆ, ಅದೂ ಹೆಚ್ಚಾಗಿ ನಿಂತುಕೊಂಡು. ಹತ್ತು ನಿಮಿಷದಲ್ಲಿ ಫೋನ್ ಬಂತು. "ಇಪ್ಪತ್ತು ಗಂಟೆ ಕಂಬಿ ಹಿಡ್ಕೊಂಡು ನಿಂತಿರಬೇಕಾ? ನಿಮ್ಮ ಅತ್ತಿಗೆ ಮಂಡಿ ಗೊತ್ತಲ್ಲ?"

ನನ್ನ ಹೆಂಡತಿಯ ತಂಗಿ, ಅಂದರೆ ನನ್ನ ನಾದಿನಿ, ಅಡಿಲೇಡಿನಲ್ಲಿ ಮೂಳೆ ಡಾಕ್ಟರು. ಬೆಡ್‌ಫರ್ಡ್ ಪಾರ್ಕಿನ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ. ಅವಳು ಕಂಡಿದ್ದ ಫೆರಿ ಎಂದರೆ ಕಾಂಗರೂ ದ್ವೀಪಕ್ಕೆ ಹೋಗುವ, ಮುಕ್ಕಾಲು ಗಂಟೆಯಲ್ಲಿ ಮುಗಿಯುವ, ಅಷ್ಟರೊಳಗೆ ಎಲ್ಲರೂ ವಾಂತಿ ಮಾಡಿಕೊಳ್ಳುವ ಫೆರಿ. "ನಲವತ್ತೈದು ನಿಮಿಷಕ್ಕೇ ಹಾಗಾದ್ರೆ ಇಪ್ಪತ್ತು ಗಂಟೆಗೆ ಎಷ್ಟಾಗತ್ತೆ, ಲೆಕ್ಕ ಹಾಕಿ" ಎಂದು ಬರೆದಳು. ನನ್ನ ಹೆಂಡತಿಗೆ ಗೊತ್ತಿದ್ದದ್ದು ಪರ್ತ್ ಪೇಟೆಯಿಂದ ಸೌತ್ ಪರ್ತಿಗೆ ನದಿ ದಾಟಿಸುವ ಪುಟ್ಟ ದೋಣಿ. ಅದರಲ್ಲಿ ಟಾಯ್ಲೆಟ್ ಇಲ್ಲವೆಂಬುದೇ ಅವಳ ಚಿಂತೆ.

ಹತ್ತು ಮಹಡಿ, ಮೂರು ಹೋಟೆಲು, ಒಂದು ಸಿನಿಮಾ ಟಾಕೀಸು ಇರುವ ಹಡಗು ಎಂದು ಎಷ್ಟು ಬರೆದರೂ ಯಾರ ತಲೆಗೂ ಹೋಗಲಿಲ್ಲ. ಕೊನೆಗೆ ಬೇಸತ್ತು, 'ಇದು ಸ್ಲೀಪರ್. ಬೆಂಗಳೂರು-ಹುಬ್ಬಳ್ಳಿ ಬಸ್ಸಿನ ಹಾಗೆ' ಎಂದು ಬರೆದೆ. ಒಂದೇ ನಿಮಿಷದಲ್ಲಿ ಎಲ್ಲರಿಗೂ ಎಲ್ಲವೂ ಅರ್ಥವಾಗಿಬಿಟ್ಟಿತು. ಭಾವ ಲೋವರ್ ಬರ್ತ್ ಕೇಳಿದರು. ನಾದಿನಿ ಊಟಕ್ಕೆ ಎಲ್ಲಿ ನಿಲ್ಲಿಸುತ್ತಾರೆ ಎಂದು ಕೇಳಿದಳು. ಅತ್ತಿಗೆಯಂತೂ, ಅಂದರೆ ಭಾವನ ಹೆಂಡತಿ, ಖುದ್ದು ಫೋನ್ ಮಾಡಿದರು.

"ನೋಡಿ, ನಮಗೆ ಚಕ್ರದ ಮೇಲಿನ ಸೀಟು ಮಾತ್ರ ಬೇಡ."

"ಅತ್ತಿಗೆ, ಹಡಗಿಗೆ ಚಕ್ರ ಇರಲ್ಲ."

"ಹೌದಲ್ವಾ" ಎಂದು ಒಪ್ಪಿಕೊಂಡು, "ಹಾಗಾದ್ರೆ ಚಕ್ರ ಎಲ್ಲಿರಬೇಕಿತ್ತೋ ಆ ಜಾಗದ ಮೇಲೆ ಬೇಡ" ಅಂದರು.

೩. ಬಿಡ್ತು ಅನ್ನಿ

ಒಂದು ಭಾನುವಾರದ ಮಧ್ಯಾಹ್ನ ಕಂಪ್ಯೂಟರಿನ ಮುಂದೆ ಕೂತು ಬುಕಿಂಗ್ ಶುರು ಮಾಡಿದೆ. ಹೆಸರು, ವಯಸ್ಸು, ಪಾಸ್‌ಪೋರ್ಟ್ ಎಲ್ಲಾ ತುಂಬಿಸಿದ ಮೇಲೆ ಒಂದು ಪ್ರಶ್ನೆ ಬಂತು: ಹೋಗುವುದು ಮಾತ್ರವೋ, ಹೋಗಿ ಬರುವುದೋ? ವಾಪಸ್ ಓಸ್ಲೋದಿಂದಲೇ ವಿಮಾನ ಎಂದು ನನಗೆ ನೆನಪಿತ್ತು. ಆದರೂ ಭಾವನ ವಿಷಯದಲ್ಲಿ ಎರಡು ಸಲ ಕೇಳುವುದು ಒಳ್ಳೆಯದೆಂದು ಬ್ರಿಸ್ಬೇನಿಗೆ ಫೋನ್ ಮಾಡಿದೆ. ಅತ್ತಿಗೆ ಎತ್ತಿಕೊಂಡರು. ಅವರು ಅದೇ ತಾನೇ ದೇವರ ಮುಂದೆ ಅರಿಶಿನದ ದಾರಕ್ಕೆ ಮಾಂಗಲ್ಯ ಪೋಣಿಸುತ್ತಾ ಕೂತಿದ್ದರಂತೆ. ನನಗೇನು ಗೊತ್ತು.

"ಅತ್ತಿಗೆ, ನೀವೆಲ್ಲಾ ಬರೀ ಹೋಗೋದು ತಾನೆ? ವಾಪಸ್ ಬರಲ್ಲ ತಾನೆ?" ಎಂದು ಕೇಳಿದೆ.

ಆ ಕಡೆ ಏನೋ ಬಿದ್ದ ಸದ್ದಾಯಿತು.

"ಬಿಡ್ತು ಅನ್ನಿ!" ಎಂದು ಅತ್ತಿಗೆ ಕೂಗಿದರು. "ಶುಭಕಾರ್ಯಕ್ಕೆ ಹೊರಟೋರಿಗೆ ವಾಪಸ್ ಬರಲ್ವಾ ಅಂತ ಕೇಳ್ತಾರೇನ್ರೀ ಯಾರಾದ್ರೂ? ಬಿಡ್ತು ಅನ್ನಿ ಮೊದಲು!"

"ಬಿಡ್ತು" ಅಂದೆ.

"ಹೋಗಿ ಬರ್ತೀವಿ ಅನ್ನಿ."

"ಹೋಗಿ ಬರ್ತೀವಿ."

"ಐದು ಜನಾನೂ ಹೋಗಿ ಬರ್ತೀವಿ ಅನ್ನಿ."

"ಐದು ಜನಾನೂ ಹೋಗಿ ಬರ್ತೀವಿ" ಅಂದು, ಇಷ್ಟು ಸ್ಪಷ್ಟವಾಗಿ ಹೇಳುತ್ತಿದ್ದಾರಲ್ಲ, ಪ್ಲಾನ್ ಬದಲಾಯಿಸಿರಬೇಕು ಎಂದುಕೊಂಡು, ಹೋಗಿ ಬರುವುದರ ಮೇಲೆ ಒತ್ತಿದೆ. ಹಿಂದಿರುಗುವ ದಿನವನ್ನು ಆ ಕಂಪ್ಯೂಟರು ತಾನೇ ತುಂಬಿಕೊಂಡಿತು. ನಾನು ನೋಡಲಿಲ್ಲ.

೪. ಅಡಿಲೇಡಿನ ಉಯ್ಯಾಲೆ

ಮುಹೂರ್ತವನ್ನು ಅತ್ತಿಗೆ ಮೈಸೂರಿನ ಜೋಯಿಸರಿಂದ ತೆಗೆಸಿದ್ದರು. ಓಸ್ಲೋದ ಸೂರ್ಯೋದಯ ಎಷ್ಟಕ್ಕೆ ಎಂದು ಜೋಯಿಸರು ಕೇಳಿದಾಗ ಭಾವ ಸತ್ಯವನ್ನೇ ಹೇಳಿದರು: ಬೆಳಿಗ್ಗೆ ನಾಲ್ಕಕ್ಕೆ, ಅಸ್ತ ರಾತ್ರಿ ಹತ್ತೂಮುಕ್ಕಾಲಿಗೆ. ಜೋಯಿಸರು, "ಅಲ್ಲಿ ಸೂರ್ಯನಾರಾಯಣನಿಗೆ ಎರಡು ಶಿಫ್ಟಾ?" ಎಂದು ಕೇಳಿ, ಹನ್ನೆರಡೂಕಾಲರಿಂದ ಒಂದು ಗಂಟೆಯೊಳಗೆ ಮಾಂಗಲ್ಯಧಾರಣೆ ಆಗಬೇಕು, ತಪ್ಪಿದರೆ ಆ ತಿಂಗಳಲ್ಲಿ ಬೇರೆ ಲಗ್ನವಿಲ್ಲ ಎಂದು ಬರೆದುಕೊಟ್ಟರು. ಹಡಗು ಓಸ್ಲೋ ಮುಟ್ಟುವುದು ಅದೇ ದಿನ ಬೆಳಿಗ್ಗೆ ಹತ್ತಕ್ಕೆ. ಒಂದು ದಿನ ಮೊದಲೇ ಹೋಗೋಣವೆಂದರೆ, ನಾದಿನಿಗೆ ಹ್ಯಾಂಬರ್ಗಿನಲ್ಲಿ ಡಾಕ್ಟರುಗಳ ಸಮ್ಮೇಳನವಿತ್ತು. ತಂಗಿಯನ್ನು ಬಿಟ್ಟು ಭಾವ ಹೊರಡುವವರಲ್ಲ. ಹತ್ತಕ್ಕೂ ಹನ್ನೆರಡೂಕಾಲಕ್ಕೂ ನಡುವಿನ ಆ ಎರಡೂಕಾಲು ಗಂಟೆಯ ಮೇಲೆ ಇಡೀ ಮದುವೆ ನಿಂತಿತ್ತು. ಹಡಗು ಬುಕ್ ಮಾಡಿದ್ದು ನಾನಾದ್ದರಿಂದ ನನ್ನ ಮಾನವೂ ಅಲ್ಲೇ ನಿಂತಿತ್ತು.

ಹೊರಡುವ ಮುಂಚೆ ಎಲ್ಲರೂ ಅಡಿಲೇಡಿನ ನಾದಿನಿಯ ಮನೆಯಲ್ಲಿ ಸೇರಿದೆವು, ದೇವರಿಗೊಂದು ಪೂಜೆ ಮಾಡಿಕೊಂಡು ಒಟ್ಟಿಗೆ ವಿಮಾನ ಹತ್ತಲು. ಭಾವನಿಗೆ ಹಡಗಿನ ತೂಗಾಟದ್ದೇ ಭಯ. ಧಾರೆಯ ಹೊತ್ತಿಗೆ ತಲೆ ಸುತ್ತಿದರೆ? ನಾದಿನಿ ಅವರ ಕಾಟ ತಾಳಲಾರದೆ, "ದಿನಾ ಅರ್ಧ ಗಂಟೆ ತೂಗಾಡಿ ಅಭ್ಯಾಸ ಮಾಡ್ಕೊಳ್ಳಿ, ಕಿವಿಯೊಳಗಿನ ಬ್ಯಾಲೆನ್ಸಿಗೆ ರೂಢಿ ಆಗತ್ತೆ" ಅಂದಳು. ಅವಳು ತಮಾಷೆಗೆ ಹೇಳಿದ್ದು. ಭಾವ ಇಂಜಿನಿಯರ್, ಹೇಳಿದ್ದನ್ನು ಹೇಳಿದ ಹಾಗೇ ಮಾಡುವವರು.

ಅವತ್ತು ಮಧ್ಯಾಹ್ನ, ಇಲ್ಲಿಯವರ ಬಾಯಲ್ಲಿ 'ಆರ್ವೊ', ಅವರು ಕಾಣಲಿಲ್ಲ. ಹುಡುಕಿಕೊಂಡು ಹೋದರೆ ಬೀದಿ ಕೊನೆಯ ಮಕ್ಕಳ ಪಾರ್ಕಿನಲ್ಲಿ, ಅರವತ್ತೊಂದು ವರ್ಷದ ಭಾವ, ಸ್ವೆಟರು ಮಫ್ಲರು ಹಾಕಿಕೊಂಡು, ವಾಚ್ ನೋಡಿಕೊಳ್ಳುತ್ತಾ ಉಯ್ಯಾಲೆಯಲ್ಲಿ ಜೀಕುತ್ತಿದ್ದರು. ಪಕ್ಕದಲ್ಲಿ ಮೂರು ಮಕ್ಕಳು ತಮ್ಮ ಸರದಿಗೆ ಕ್ಯೂ ನಿಂತಿದ್ದವು. ಒಬ್ಬ ತಾಯಿ ಹತ್ತಿರ ಹೋಗಿ, "ಯೂ ರೈಟ್, ಮೇಟ್?" ಅಂದರೆ ಎಲ್ಲಾ ಸರಿ ಇದೆಯಾ ಎಂದು ಮೃದುವಾಗಿ ಕೇಳಿದಳು.

ಭಾವ ಜೀಕುವುದನ್ನು ನಿಲ್ಲಿಸದೆ, "ಇನ್ನು ಹನ್ನೆರಡು ನಿಮಿಷ. ಮಗನ ಮದುವೆಗೆ ಪ್ರಾಕ್ಟೀಸ್ ಮಾಡ್ತಿದ್ದೀನಿ" ಎಂದು ಇಂಗ್ಲಿಷಿನಲ್ಲಿ ಹೇಳಿದರು. ಆಕೆ ಮೂರೂ ಮಕ್ಕಳನ್ನು ಕರೆದುಕೊಂಡು ಮನೆಗೆ ಹೋದಳು.

೫. ಕೀಲ್‌ನಲ್ಲಿ

ವಿಮಾನದಲ್ಲಿ ಒಂದು ಪೆಟ್ಟಿಗೆಯೂ ಕಳೆಯಲಿಲ್ಲ. ಭಾವನಿಗೆ ಒಳಗೊಳಗೇ ಸ್ವಲ್ಪ ನಿರಾಸೆಯಾದಂತೆ ಕಂಡಿತು. ಸಮ್ಮೇಳನ ಮುಗಿದ ಮರುದಿನ ಹನ್ನೊಂದು ಲಗೇಜು ಎಣಿಸಿಕೊಂಡು ಕೀಲ್ ಮುಟ್ಟಿದೆವು. ಮೂಳೆ ಡಾಕ್ಟರಾದ ನಾದಿನಿಗೆ ಕೀಲು ಎಂಬ ಹೆಸರಿನ ಊರು ಕಂಡು ಬಹಳ ಖುಷಿ. ಸ್ಟೇಷನ್ನಿನ ಬೋರ್ಡಿನ ಕೆಳಗೆ ನಿಂತು ಮೂರು ಫೋಟೋ ತೆಗೆಸಿಕೊಂಡಳು.

ಹಡಗನ್ನು ಒಂದೇ ಫೋಟೋದಲ್ಲಿ ಹಿಡಿಯಲು ನಾದಿನಿಗೆ ಆಗಲಿಲ್ಲ. ಅಷ್ಟು ದೊಡ್ಡದಿತ್ತು. ಭಾವ ಕತ್ತೆತ್ತಿ ಮಹಡಿ ಎಣಿಸಿ, "ಪರವಾಗಿಲ್ಲ" ಅಂದರು. ಇಪ್ಪತ್ತು ವರ್ಷದಲ್ಲಿ ನನಗೆ ಸಿಕ್ಕ ಮೊದಲ ಒಳ್ಳೆಯ ಮಾತು. ಅದು ನಾಲ್ಕು ನಿಮಿಷ ಬಾಳಿತು.

ಟಿಕೆಟ್ ಕೌಂಟರಿನಾಕೆ ಕೀ ಕಾರ್ಡುಗಳನ್ನು ಕೊಡುತ್ತಾ, "ನಾಳೆ ಹತ್ತಕ್ಕೆ ಓಸ್ಲೋ. ಮಧ್ಯಾಹ್ನ ಎರಡಕ್ಕೆ ಇದೇ ಹಡಗು ವಾಪಸ್ ಹೊರಡುತ್ತೆ. ಒಂದೂಮುಕ್ಕಾಲರೊಳಗೆ ದಯವಿಟ್ಟು ಒಳಗಿರಿ. ಸಾಮಾನು ಕ್ಯಾಬಿನ್ನಿನಲ್ಲೇ ಬಿಟ್ಟು ಹೋಗಬಹುದು" ಅಂದಳು.

"ಯಾರು ವಾಪಸ್?" ಎಂದರು ಭಾವ.

"ನೀವು ಐವರೂ. ಹೋಗಿ ಬರುವ ಟಿಕೆಟ್."

ಭಾವ ನನ್ನ ಕಡೆ ತಿರುಗಿದರು. ನಾನು ಅತ್ತಿಗೆಯ ಕಡೆ ತಿರುಗಿದೆ. ಅತ್ತಿಗೆ ಕೈಚೀಲದಲ್ಲಿ ಏನನ್ನೋ ಹುಡುಕತೊಡಗಿದರು.

"ಒಂದು ಗಂಟೆಗೆ ತಾಳಿ ಕಟ್ಟಿಸಿ, ಊಟಾನೂ ಮಾಡದೆ, ಸೊಸೇನ ಅಲ್ಲೇ ಬಿಟ್ಟು ಓಡಿಬಂದು ಈ ಹಡಗು ಹತ್ತಬೇಕಾ ನಾವು? ನಾಡಿದ್ದು ಬೆಳಿಗ್ಗೆ ಈ ಕೀಲಲ್ಲಿ ಇಳಿದು ಏನ್ರೀ ಮಾಡೋದು?" ಭಾವನ ಧ್ವನಿಗೆ ಕ್ಯೂನಲ್ಲಿದ್ದ ಜರ್ಮನರೆಲ್ಲಾ ಎರಡು ಹೆಜ್ಜೆ ಹಿಂದೆ ಸರಿದರು. "ಹನ್ನೊಂದು ವರ್ಷ! ಹನ್ನೊಂದು ವರ್ಷ ಶಿಪ್ಪಲ್ಲಿದ್ದಾರೆ!"

ವಾಪಸ್ ಬರದಿದ್ದರೆ ಯಾರೂ ಹಿಡಿದುಕೊಂಡು ಹೋಗುವುದಿಲ್ಲ ಎಂದು ಕೌಂಟರಿನಾಕೆ ಸಮಾಧಾನ ಹೇಳಿದಳು. ಇದೆಲ್ಲಾ ಅತ್ತಿಗೆಯ 'ಬಿಡ್ತು ಅನ್ನಿ'ಯಿಂದ ಆದದ್ದು ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಹೆಂಡತಿ ಮಾತ್ರ ನನ್ನ ಮುಖ ನೋಡಿ, "ಹೋಗ್ಲಿ ಬಿಡಿ, ಹಡಗಾದ್ರೂ ಸರಿಯಾದ್ದೇ ಅಲ್ವಾ? ಓಸ್ಲೋಗೇ ಹೋಗತ್ತೆ ತಾನೆ?" ಅಂದಳು. ಆ ಕ್ಷಣಕ್ಕೆ ನನಗೂ ಖಾತ್ರಿ ಇರಲಿಲ್ಲ. ಹೋಗಿ ಮತ್ತೊಮ್ಮೆ ಕೇಳಿಕೊಂಡು ಬಂದೆ.

೬. ಮಂಜು ಮುಸುಕಿದ ಕಿಟಕಿ

ಭಾವ ಅತ್ತಿಗೆಗೆ ಒಂದು ಕ್ಯಾಬಿನ್. ಪಕ್ಕದ್ದರಲ್ಲಿ ನಾನು, ಹೆಂಡತಿ, ನಾದಿನಿ. ಚಕ್ರ ಎಲ್ಲಿರಬೇಕಿತ್ತೋ ಸರಿಯಾಗಿ ಅದರ ಮೇಲೆ ಎರಡೂ ಕ್ಯಾಬಿನ್ ಇದ್ದವು; ಕೆಳಗಿನಿಂದ ಇಂಜಿನ್ ಗುರುಗುಟ್ಟುತ್ತಿತ್ತು.

ಅತ್ತಿಗೆ ಸಂಜೆ ದೀಪ ಹಚ್ಚಲು ಕತ್ತಲಾಗುವುದನ್ನೇ ಕಾಯುತ್ತಿದ್ದರು. ಆರಾಯಿತು, ಏಳಾಯಿತು, ಎಂಟಾಯಿತು. ಮೇಲಿನ ಡೆಕ್ಕಿನಲ್ಲಿ ಜನ ಕಪ್ಪು ಕನ್ನಡಕ ಹಾಕಿಕೊಂಡು ಬಿಸಿಲು ಕಾಯಿಸಿಕೊಳ್ಳುತ್ತಿದ್ದರು. ಹಡಗಿನಲ್ಲಿ ಬೆಂಕಿ ಕಡ್ಡಿ ಗೀರುವಂತಿಲ್ಲ ಎಂದು ನಾನು ಹೇಳಿದ ಮೇಲೆ, ಫೋನಿನಲ್ಲಿ ಒಂದು ದೀಪದ ಚಿತ್ರ ತೆರೆದಿಟ್ಟು ಕೈ ಮುಗಿದರು. ಆಮೇಲೆ ಮಾಂಗಲ್ಯದ ಪುಟ್ಟ ಡಬ್ಬಿಯನ್ನು ಪೆಟ್ಟಿಗೆಯಿಂದ ತೆಗೆದು, ದಿಂಬಿನ ಕವರಿನೊಳಗೆ ತೂರಿಸಿ, ಬಾಯಿಗೆ ಗಂಟು ಹಾಕಿ, ಗಂಟಿಗೆ ಎರಡು ಪಿನ್ನು ಚುಚ್ಚಿ, ಅದರ ಮೇಲೆ ತಲೆಯಿಟ್ಟು ಮಲಗಿದರು. ಬೆಲೆ ಬಾಳುವ ವಸ್ತು ತಲೆಯ ಕೆಳಗಿರಬೇಕು ಎನ್ನುವುದು ಅವರು ರೈಲಿನಲ್ಲಿ ಕಲಿತ ಅಭ್ಯಾಸ.

ಬೆಳಿಗ್ಗೆ ನಾನು ಅವರ ಕ್ಯಾಬಿನ್ನಿಗೆ ಹೋದಾಗ ಭಾವ ಕಿಟಕಿಯ ಪರದೆ ಸರಿಸಿಕೊಂಡು ಚಿಂತೆಯಲ್ಲಿ ನಿಂತಿದ್ದರು.

"ಐದು ಗಂಟೆಯಿಂದ ನೋಡ್ತಾ ಇದ್ದೀನಿ. ದಟ್ಟ ಮಂಜು. ಒಂದಡಿ ಮುಂದೆ ಕಾಣಲ್ಲ. ಇಂಥಾದ್ರಲ್ಲಿ ಹೇಗ್ರೀ ಹಡಗು ಟೈಮಿಗೆ ಹೋಗತ್ತೆ? ಹನ್ನೆರಡೂಕಾಲಿಗೆ ಮುಹೂರ್ತ!"

ನಾನು ಹತ್ತಿರ ಹೋಗಿ ನೋಡಿದೆ. ಅದು ಒಳಗಡೆಯ, ಕಿಟಕಿಯೇ ಇಲ್ಲದ ಕ್ಯಾಬಿನ್. ಚೆನ್ನಾಗಿ ಕಾಣಲೆಂದು ಪರದೆ ಹಾಕಿದ್ದರಷ್ಟೇ. ಅದರ ಹಿಂದೆ ಬಿಳಿ ಬಣ್ಣ ಬಳಿದ ಗೋಡೆ ಇತ್ತು.

"ಭಾವ, ಇದು ಗೋಡೆ" ಅಂದೆ.

ಭಾವ ಬೆರಳಿನಿಂದ ಮುಟ್ಟಿ ನೋಡಿದರು. "ಇದನ್ನೂ ನೀವೇ ಬುಕ್ ಮಾಡಿದ್ದಾ?" ಅಂದರು.

೭. ದಿಂಬು

ಹಡಗು ಸರಿಯಾಗಿ ಹತ್ತಕ್ಕೆ ಓಸ್ಲೋ ಮುಟ್ಟಿತು. ಮೂರು ಭಾಷೆಯಲ್ಲಿ 'ಇಳಿಯಿರಿ ಇಳಿಯಿರಿ' ಎಂದು ಕೂಗುತ್ತಿದ್ದ ಗಡಿಬಿಡಿಯಲ್ಲಿ ಅತ್ತಿಗೆ ಮೆಟ್ಟಿಲ ಬಳಿ ನಿಂತು ಲಗೇಜು ಎಣಿಸಿದರು. ಹನ್ನೊಂದಕ್ಕೆ ಹನ್ನೊಂದೂ ಇತ್ತು. ಭಾವ ತಮ್ಮ ಎರಡು ಕೀ ಕಾರ್ಡನ್ನು ಸಿಟ್ಟಿನಿಂದ ಕಸದ ಬುಟ್ಟಿಗೆ ಎಸೆದರು. ಫ್ರೀಮ್ಯಾಂಟಲಿನ ಆಫೀಸಿನಲ್ಲಿ ತೋರಿಸಬಹುದೆಂದು ನಾನು ಅವನ್ನು ಆಯ್ದು ಅಂಗಿ ಜೇಬಿಗೆ ಹಾಕಿಕೊಂಡೆ.

ಮದುವೆಯ ಹಾಲ್ ಬಂದರಿನಿಂದ ಕಾರಿನಲ್ಲಿ ಕಾಲು ಗಂಟೆ. ಹುಡುಗಿಯ ಕಡೆಯವರು ಬಾಗಿಲಲ್ಲೇ ನಮ್ಮನ್ನು ಎದುರುಗೊಂಡು, ಗಂಡಸರಿಗೆಲ್ಲಾ ಗುಲಾಬಿ ಹಾರ ಹಾಕಿದರು. ನಾವು ಜರತಾರಿ ಪಂಚೆ, ಶಲ್ಯ ಉಟ್ಟು ಸಿದ್ಧರಾದೆವು. ಭಾವನ ತಲೆಗೆ ಮೈಸೂರು ಪೇಟವೂ ಬಂತು. ಪುರೋಹಿತರು ವಾರದಲ್ಲಿ ಐದು ದಿನ ಇಂಜಿನಿಯರ್, ಶನಿವಾರ ಭಾನುವಾರ ಪುರೋಹಿತರು. ಅವರು ಪಟ್ಟಿ ಹಿಡಿದು ಒಂದೊಂದೇ ಸಾಮಾನಿಗೆ ಟಿಕ್ ಹಾಕುತ್ತಾ, ಹನ್ನೊಂದೂಕಾಲಿಗೆ, "ಮಾಂಗಲ್ಯ?" ಎಂದರು.

ಅತ್ತಿಗೆ ಭಾವನನ್ನು ನೋಡಿದರು. ಭಾವ ಅತ್ತಿಗೆಯನ್ನು ನೋಡಿದರು. ಅತ್ತಿಗೆಯ ಕೈ ತಾನಾಗಿಯೇ ತಲೆಯ ಹಿಂದಕ್ಕೆ ಹೋಯಿತು.

"ದಿಂಬು" ಅಂದರು. ಅಷ್ಟೇ ಅಂದು ಕುಸಿದು ಕೂತರು.

ಕೂತಲ್ಲೇ ಅಳತೊಡಗಿದರು. ಆ ಮಾಂಗಲ್ಯವನ್ನು ಅವರು ತಮ್ಮ ತಾಯಿಯ ಬಳೆ ಕರಗಿಸಿ ಮಾಡಿಸಿದ್ದರು. ಇನ್ನೊಂದು ತರುವುದೆಂದರೆ ಆಗುವ ಮಾತಲ್ಲ. ಭಾವ ಮೊದಲ ಬಾರಿಗೆ ನನ್ನನ್ನು ಬೈಯಲಿಲ್ಲ. "ಏನ್ರೀ ಮಾಡೋದು ಈಗ?" ಎಂದು ಕೇಳಿದರು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ನಾನೂ ಭಾವನೂ ಹಾಗೇ ಓಡಿ ಒಂದು ಕಾರು ಹತ್ತಿದೆವು. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಒಂದೇ ಯೋಚನೆ. ಹಡಗು ನಿಂತ ತಕ್ಷಣ ಕ್ಯಾಬಿನ್ ಗುಡಿಸುತ್ತಾರೆ, ಹಾಸಿಗೆ ಬಟ್ಟೆ ಎಲ್ಲಾ ಕಿತ್ತು ಮೂಟೆ ಕಟ್ಟಿ ಒಗೆಯಲು ಕಳಿಸುತ್ತಾರೆ. ಸಾವಿರ ದಿಂಬಿನಲ್ಲಿ ಯಾವುದೆಂದು ಹುಡುಕುವುದು? ಅದಿರಲಿ, ಇಳಿದುಹೋದವರನ್ನು ಮತ್ತೆ ಹಡಗಿನೊಳಗೆ ಯಾರು ಬಿಡುತ್ತಾರೆ?

ಬಂದರಿನಲ್ಲಿ ಒಂದು ಗೇಟು, ಗೇಟಿನ ಪಕ್ಕದಲ್ಲಿ ಸಮವಸ್ತ್ರದ ಒಬ್ಬ ಹುಡುಗಿ. ಬೇರೇನೂ ತೋಚದೆ ಅಂಗಿ ಜೇಬಿನಿಂದ ಕೀ ಕಾರ್ಡ್ ತೆಗೆದು ಗೇಟಿಗೆ ತೋರಿಸಿದೆ. ಹಸಿರು ದೀಪ ಹತ್ತಿ ಗೇಟು ತೆರೆದುಕೊಂಡಿತು. ನಮ್ಮದು ಹೋಗಿ ಬರುವ ಟಿಕೆಟ್ಟಲ್ಲವೇ!

"ವೆಲ್ಕಮ್ ಬ್ಯಾಕ್!" ಅಂದಳು ಹುಡುಗಿ. ನಮ್ಮ ರೇಷ್ಮೆ ಪಂಚೆ, ಗುಲಾಬಿ ಹಾರ, ಭಾವನ ಪೇಟ ಎಲ್ಲವನ್ನೂ ನೋಡಿ ಅವಳ ಕಣ್ಣು ಅರಳಿತು. "ಓಹ್! ಮದುವೆಯಾ?"

"ಹೌದು, ಇನ್ನು ಮುಕ್ಕಾಲು ಗಂಟೆಗೆ! ಅರ್ಜೆಂಟ್!" ಎಂದರು ಭಾವ ನನ್ನ ಕೈ ಹಿಡಿದೆಳೆಯುತ್ತಾ.

"ಕಂಗ್ರಾಚುಲೇಷನ್ಸ್ ಟು ಬೋತ್ ಆಫ್ ಯು!" ಎಂದು ಅವಳು ಹಿಂದಿನಿಂದ ಕೂಗಿದಳು.

"ಥ್ಯಾಂಕ್ಯೂ, ಥ್ಯಾಂಕ್ಯೂ!" ಎಂದು ಭಾವ ತಿರುಗಿ ನೋಡದೆ ಓಡಿದರು. ಅವಳು ಯಾರ ಮದುವೆ ಎಂದುಕೊಂಡಳೆಂದು ನನಗೆ ಅರ್ಥವಾಗಿತ್ತು. ವಿವರಿಸಲು ಸಮಯವಿರಲಿಲ್ಲ.

ಕಾರಿಡಾರಿನ ಎರಡೂ ಕಡೆ ಕ್ಯಾಬಿನ್ ಬಾಗಿಲುಗಳು ಹಾರು ಹೊಡೆದಿದ್ದವು. ಬಾಗಿಲು ಬಾಗಿಲಿಗೂ ಹಾಸಿಗೆ ಬಟ್ಟೆಯ ಮೂಟೆ. ಒಬ್ಬ ಕೆಲಸದವನು ಮೂಟೆಗಳನ್ನು ಗಾಡಿಗೆ ತುಂಬಿ ತಳ್ಳಿಕೊಂಡು ಹೋಗುತ್ತಿದ್ದ. ಆದರೆ ನಮ್ಮ ಎರಡು ಬಾಗಿಲು ಮಾತ್ರ ಮುಚ್ಚಿದ್ದವು, ಮೇಲೊಂದು ಚೀಟಿ ಅಂಟಿಸಿದ್ದರು: ಇವರು ವಾಪಸ್ ಬರುವವರು, ಮುಟ್ಟಬೇಡಿ.

ಒಳಗೆ ಎಲ್ಲವೂ ಬಿಟ್ಟ ಹಾಗೇ ಇತ್ತು. ದಿಂಬಿನಲ್ಲಿ ಅತ್ತಿಗೆಯ ತಲೆಯ ಗುರುತು ಕೂಡ ಇತ್ತು. ಭಾವ ಗಂಟು ಬಿಚ್ಚಲು ನೋಡಿದರು, ನಾನು ಹಲ್ಲಿನಿಂದ ನೋಡಿದೆ. ಅತ್ತಿಗೆ ಹಾಕಿದ ಗಂಟು ಅದು. ಒಳಗೆ ಡಬ್ಬಿ ಗಟ್ಟಿಯಾಗಿ ಕೈಗೆ ಸಿಗುತ್ತಿತ್ತು. "ಹಾಗೇ ತಗೊಳ್ಳಿ!" ಎಂದು ಭಾವ ದಿಂಬನ್ನೇ ಕಂಕುಳಿಗೆ ಸಿಕ್ಕಿಸಿಕೊಂಡು ಓಡಿದರು. ಗೇಟಿನ ಹುಡುಗಿ ನಾವಿಬ್ಬರೂ ಹಾರ ಹಾಕಿಕೊಂಡು ಒಂದೇ ದಿಂಬು ಹಿಡಿದು ಏದುಸಿರು ಬಿಡುತ್ತಾ ಹೊರಗೆ ಬಂದದ್ದನ್ನು ನೋಡಿದಳು. ಏನೂ ಕೇಳಲಿಲ್ಲ. ಬಹಳ ಸಂಸ್ಕಾರವಂತ ಹುಡುಗಿ.

ಪುರೋಹಿತರು ದಿಂಬನ್ನೇ ಮಂಟಪದಲ್ಲಿಟ್ಟು, ಕೇಕಿನ ಚಾಕುವಿನಿಂದ ಗಂಟು ಕತ್ತರಿಸಿದರು. ಹನ್ನೆರಡೂವರೆಗೆ ಹುಡುಗ ತಾಳಿ ಕಟ್ಟಿದ. ಅಕ್ಷತೆ ಹಾಕುವಾಗ ನನ್ನ ಕಣ್ಣಲ್ಲೂ ನೀರು ಬಂತು, ಯಾಕೆಂದು ಕೇಳಬೇಡಿ. ಭಾವ ನನ್ನ ಪಕ್ಕ ಬಂದು ನಿಂತು, ಪೇಟ ಸರಿಮಾಡಿಕೊಂಡು, "ನೀವು ಮಾಡಿದ ತಪ್ಪು ಬಹಳ ಸರಿಯಾಗಿತ್ತು" ಅಂದರು.

ಊಟಕ್ಕೆ ಕೂತಾಗ ಎರಡು ಗಂಟೆಗೆ ದೂರದಲ್ಲಿ ಹಡಗಿನ ಕೂಗು ಕೇಳಿಸಿತು. "ನಮ್ಮ ಹಡಗು ಹೋಯ್ತು" ಅಂದೆ.

ಪಾಯಸ ಬಡಿಸುತ್ತಿದ್ದ ಅತ್ತಿಗೆ ಸೌಟು ಹಿಡಿದೇ ತಿರುಗಿದರು. "ಬಿಡ್ತು ಅನ್ನಿ! ಹೋಗಿ ಬರುತ್ತೆ ಅನ್ನಿ."

ನಿಜಕ್ಕೂ ಬಂತು, ಎರಡು ದಿನದ ಮೇಲೆ. ಹಡಗಿನವರ ದಿಂಬು ಹಡಗಿನವರಿಗೆ ಸೇರಬೇಕೆಂದು ಅತ್ತಿಗೆ ಕವರನ್ನು ಒಗೆದು, ಹರಿದಲ್ಲಿ ಹೊಲಿದು ಕೊಟ್ಟಿದ್ದರು. ನಾನೂ ಭಾವನೂ ಅದನ್ನು ತೆಗೆದುಕೊಂಡು ಬಂದರಿಗೆ ಹೋದೆವು. ಗೇಟಿನಲ್ಲಿ ಅದೇ ಹುಡುಗಿ.

"ಓ, ನೀವು! ಅವತ್ತು ನೀವಿಬ್ಬರೂ ವಾಪಸ್ ಬರಲೇ ಇಲ್ಲ. ಮದುವೆ ಚೆನ್ನಾಗಿ ಆಯ್ತಾ?"

"ಬಹಳ ಚೆನ್ನಾಗಿ ಆಯ್ತು" ಎಂದು ಭಾವ ದಿಂಬು ಒಪ್ಪಿಸಿದರು.

"ಈಗ ಹನಿಮೂನಿಗೆ ಇಬ್ಬರೂ ಒಟ್ಟಿಗೆ ಎಲ್ಲಿಗೆ?"

'ಇಬ್ಬರೂ ಒಟ್ಟಿಗೆ ಎಲ್ಲಿಗೆ' ಎಂಬುದಷ್ಟೇ ಭಾವನ ಕಿವಿಗೆ ಬಿತ್ತು. ಅವರು ನಕ್ಕು, ನನ್ನ ಹೆಗಲ ಮೇಲೆ ಕೈಯಿಟ್ಟು, ಸ್ಪಷ್ಟವಾದ ಇಂಗ್ಲಿಷಿನಲ್ಲಿ ಹೇಳಿದರು: "ಒಟ್ಟಿಗೆ ಎಲ್ಲಮ್ಮಾ? ನಾಳೆ ಇವರು ನನ್ನ ತಂಗಿ ಜೊತೆ ಪರ್ತಿಗೆ ಹೋಗ್ತಾರೆ. ನಾನು ನನ್ನ ಹೆಂಡತಿ ಜೊತೆ ಬ್ರಿಸ್ಬೇನಿಗೆ ಹೋಗ್ತೀನಿ."

ಹುಡುಗಿಯ ಮುಖ ಬಾಡಿತು. ದಿಂಬನ್ನು ಎದೆಗೆ ಅವಚಿಕೊಂಡು, "ಐ ಆಮ್ ಸೋ ಸಾರಿ" ಅಂದಳು. ಅವಳ ಕಣ್ಣಿನಲ್ಲಿ ನೀರಿತ್ತು.

ಹೊರಗೆ ಬಂದ ಮೇಲೆ ಭಾವ ಒಮ್ಮೆ ಗೇಟಿನ ಕಡೆ ತಿರುಗಿ ನೋಡಿ, "ಎಂಥಾ ಒಳ್ಳೇ ಜನ ನೋಡಿ. ಒಂದು ದಿಂಬಿಗೆ ಎಷ್ಟು ಬೇಜಾರು ಮಾಡ್ಕೊಂಡ್ಳು" ಅಂದರು.